ಸರಾಸರಿ ವೇಗವನ್ನು ನಿರ್ಧರಿಸುವುದು ನಿಧಾನದ ಹಾದಿ

ಭಾರತೀಯ ರೈಲ್ವೆಯಲ್ಲಿ ‘ಸೂಪರ್‌ಫಾಸ್ಟ್’ ಎಂಬ ಹೆಸರಿಗೆ ಒಂದು ನಿಶ್ಚಿತ ಅಳತೆಯಿದೆ. ಬ್ರಾಡ್‌ಗೇಜ್ ಹಳಿಯ ಮೇಲೆ ಓಡುವ ಎಕ್ಸ್‌ಪ್ರೆಸ್ ರೈಲಿನ ಸರಾಸರಿ ವೇಗ ಗಂಟೆಗೆ 55 ಕಿ.ಮೀ. ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಸೂಪರ್‌ಫಾಸ್ಟ್. ಇದನ್ನು ಮೊದಲ ಸಲ ಕೇಳಿದವರು ನಂಬುವುದು ಕಷ್ಟ. ಹೆದ್ದಾರಿಯಲ್ಲಿ ಸಾಧಾರಣ ಕಾರೇ ಇದಕ್ಕಿಂತ ಬೇಗ ಓಡುತ್ತದಲ್ಲ ಎನಿಸುತ್ತದೆ. ಅದೇ ರೈಲು ಬಯಲುಸೀಮೆಯ ನೇರ ಹಳಿಯಲ್ಲಿ 100 ಕಿ.ಮೀ. ದಾಟಿ ಓಡುವುದನ್ನು ಕಿಟಕಿಯ ಪಕ್ಕ ಕೂತವರು ಕಂಡಿರುತ್ತಾರೆ. 2022ರ ನವೆಂಬರಿನಲ್ಲಿ ಆರಂಭವಾದ ಚೆನ್ನೈ–ಮೈಸೂರು ವಂದೇ ಭಾರತ್ ರೈಲಿನ ವಿಷಯವೂ ಹೀಗೆಯೇ. 180 ಕಿ.ಮೀ. ವೇಗಕ್ಕೆ ತಕ್ಕಂತೆ ವಿನ್ಯಾಸಗೊಂಡ ಆ ರೈಲು ಸುಮಾರು 500 ಕಿ.ಮೀ. ದಾರಿಗೆ ಸುಮಾರು ಆರೂವರೆ ಗಂಟೆ ತೆಗೆದುಕೊಳ್ಳುವ ವೇಳಾಪಟ್ಟಿಯೊಂದಿಗೆ ಹೊರಟಿತು. ಭಾಗಿಸಿ ನೋಡಿದರೆ ಗಂಟೆಗೆ 77 ಕಿ.ಮೀ.

ಓಡಬಲ್ಲ ವೇಗ ಮತ್ತು ಸರಾಸರಿ ವೇಗ, ಈ ಎರಡು ಅಂಕಿಗಳ ನಡುವಿನ ಅಂತರ ಎಲ್ಲಿಂದ ಬರುತ್ತದೆ? ರೈಲ್ವೆಯವರ ಸೋಮಾರಿತನ ಎಂದು ಹೇಳಿ ಮುಗಿಸುವುದು ಸುಲಭ, ಆದರೆ ಅದು ಉತ್ತರವಲ್ಲ. ಬೇರೆ ಬೇರೆ ವೇಗದಲ್ಲಿ ಸಾಗಿದ ಪ್ರಯಾಣದ ಸರಾಸರಿಯನ್ನು ಲೆಕ್ಕ ಹಾಕುವಾಗ ನಮ್ಮ ಅಂದಾಜು ಸಾಮಾನ್ಯವಾಗಿ ಒಂದೇ ದಿಕ್ಕಿನಲ್ಲಿ ತಪ್ಪುತ್ತದೆ. ಆ ತಪ್ಪು ಎಲ್ಲಿದೆ ಎಂಬುದು ಗೊತ್ತಾದರೆ ವೇಳಾಪಟ್ಟಿ, ಹೆದ್ದಾರಿ ಯೋಜನೆ, ವೇಗಮಿತಿ ಎಲ್ಲವನ್ನೂ ಸ್ವಲ್ಪ ಬೇರೆ ಕಣ್ಣಿನಿಂದ ನೋಡಲು ಸಾಧ್ಯವಾಗುತ್ತದೆ.

ಮೊದಲು ಅರ್ಥವನ್ನು ಸ್ಪಷ್ಟ ಮಾಡಿಕೊಳ್ಳೋಣ. ಸರಾಸರಿ ವೇಗ ಎಂದರೆ ಕ್ರಮಿಸಿದ ಒಟ್ಟು ದೂರವನ್ನು ತೆಗೆದುಕೊಂಡ ಒಟ್ಟು ಸಮಯದಿಂದ ಭಾಗಿಸಿದಾಗ ಬರುವ ಅಂಕಿ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಇದನ್ನು ‘ಸರಾಸರಿ ಜವ’ ಎನ್ನುತ್ತಾರೆ, ಏಕೆಂದರೆ ಅಲ್ಲಿ ‘ವೇಗ’ ಎಂಬುದಕ್ಕೆ ದಿಕ್ಕೂ ಸೇರಿರುತ್ತದೆ. ದಿನಬಳಕೆಯಲ್ಲಿ ಎಲ್ಲರೂ ವೇಗ ಎಂದೇ ಹೇಳುವುದರಿಂದ ಇಲ್ಲಿಯೂ ಹಾಗೆಯೇ ಬಳಸುತ್ತೇನೆ. ಒಟ್ಟು ಸಮಯ ಎಂದಾಗ ನಿಂತ ಸಮಯವೂ ಅದರಲ್ಲಿ ಸೇರಿದೆ. ಅರಸೀಕೆರೆಯಲ್ಲಿ ಹತ್ತು ನಿಮಿಷ ನಿಂತ ರೈಲು ಆ ಹತ್ತು ನಿಮಿಷವೂ ಪ್ರಯಾಣದಲ್ಲೇ ಇದೆ, ಆ ಹೊತ್ತಿನ ಅದರ ವೇಗ ಸೊನ್ನೆ. 60 ಕಿ.ಮೀ. ದೂರವನ್ನು ಗಂಟೆಗೆ 60ರಂತೆ ಓಡಿ, ನಡುವೆ ಒಟ್ಟು ಕಾಲು ಗಂಟೆ ನಿಂತರೆ ಸರಾಸರಿ 48ಕ್ಕೆ ಇಳಿಯುತ್ತದೆ. ಸೂಪರ್‌ಫಾಸ್ಟ್ ರೈಲಿನ 55ರ ಹಿಂದಿನ ಅರ್ಧ ಕಥೆ ಇದು. ನಿಲ್ದಾಣಕ್ಕೆ ಬರುವ ಮುನ್ನ ವೇಗ ತಗ್ಗಿಸುವುದು, ಹೊರಟ ಮೇಲೆ ಮತ್ತೆ ಏರಿಸುವುದು, ಎದುರಿನ ರೈಲಿಗೆ ದಾರಿ ಬಿಡಲು ಕಾಯುವುದು, ಇವೆಲ್ಲ ಸೇರಿದರೆ ಉಳಿದ ಭಾಗವೂ ತಿಳಿಯುತ್ತದೆ.

ಇನ್ನು ಆ ತಪ್ಪಿನ ವಿಷಯ. ಒಬ್ಬರು 120 ಕಿ.ಮೀ. ದೂರದ ಊರಿಗೆ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗಿ, ಅದೇ ದಾರಿಯಲ್ಲಿ 60 ಕಿ.ಮೀ. ವೇಗದಲ್ಲಿ ಮರಳುತ್ತಾರೆ ಎಂದುಕೊಳ್ಳಿ. ಸರಾಸರಿ ಎಷ್ಟು? ಹತ್ತರಲ್ಲಿ ಒಂಬತ್ತು ಜನ 50 ಎಂದು ಹೇಳಿಬಿಡುತ್ತಾರೆ. ನಲವತ್ತು, ಅರವತ್ತು, ನಡುವೆ ಐವತ್ತು. ಅದಕ್ಕಿಂತ ಸಹಜವಾದ ಉತ್ತರ ಇನ್ನೇನಿದೆ! ಆದರೆ ಗಡಿಯಾರ ನೋಡೋಣ. ಹೋಗಲು 3 ಗಂಟೆ, ಬರಲು 2 ಗಂಟೆ, ಒಟ್ಟು 5 ಗಂಟೆ. ದೂರ ಒಟ್ಟು 240 ಕಿ.ಮೀ. ಭಾಗಿಸಿದರೆ 48.

ಎರಡು ಕಿಲೋಮೀಟರಿನ ವ್ಯತ್ಯಾಸ ತಾನೇ, ಬಿಡಿ ಎನ್ನುವಂತಿಲ್ಲ. ವೇಗಗಳ ನಡುವಿನ ಅಂತರ ಹೆಚ್ಚಿದಷ್ಟೂ ತಪ್ಪು ಬೆಳೆಯುತ್ತದೆ. ಹೋಗುವಾಗ 20, ಬರುವಾಗ 60 ಆಗಿದ್ದರೆ ನಮ್ಮ ಅಂದಾಜು 40, ನಿಜ 30. ಹೋಗುವಾಗ 10, ಬರುವಾಗ 100 ಆದರೆ ಅಂದಾಜು 55, ನಿಜ ಕೇವಲ 18. ಗಮನಿಸಿ, ಪ್ರತಿಸಲವೂ ನಿಜವಾದ ಸರಾಸರಿ ನಡುಬಿಂದುವಿಗಿಂತ ಕೆಳಗೆ, ನಿಧಾನದ ವೇಗದ ಕಡೆಗೆ ವಾಲಿದೆ.

ಏಕೆ ಹೀಗೆ? ಕಾರಣ ಸರಳ. ದೂರ ಎರಡೂ ಕಡೆ ಒಂದೇ ಇದ್ದರೂ ಸಮಯ ಒಂದೇ ಅಲ್ಲ. ನಿಧಾನವಾಗಿ ಹೋದ ಪಯಣಿಗ ನಿಧಾನದಲ್ಲೇ ಹೆಚ್ಚು ಹೊತ್ತು ಇದ್ದ. ಐದು ಗಂಟೆಯಲ್ಲಿ ಮೂರು ಗಂಟೆ ಅವನ ವೇಗಮಾಪಕದ ಮುಳ್ಳು 40ರ ಮೇಲಿತ್ತು, ಎರಡೇ ಗಂಟೆ 60ರ ಮೇಲೆ. ಸರಾಸರಿಯಲ್ಲಿ ಯಾವ ವೇಗಕ್ಕೆ ಎಷ್ಟು ತೂಕ ಕೊಡಬೇಕು ಎಂಬುದನ್ನು ತೀರ್ಮಾನಿಸುವುದು ಕಿಲೋಮೀಟರುಗಳಲ್ಲ, ಗಂಟೆಗಳು. ಅವನು ಮೂರು ಗಂಟೆ 40ರಲ್ಲೂ ಮೂರು ಗಂಟೆ 60ರಲ್ಲೂ ಸಾಗಿದ್ದರೆ 50 ಎಂಬ ಉತ್ತರವೇ ಸರಿಯಾಗುತ್ತಿತ್ತು. ಸಮಯ ಸಮನಾಗಿದ್ದಾಗ ಸಾದಾ ಸರಾಸರಿ ಸರಿ, ದೂರ ಸಮನಾಗಿದ್ದಾಗ ಅಲ್ಲ. ತೊಂದರೆಯೆಂದರೆ ನಮ್ಮ ಪ್ರಯಾಣಗಳನ್ನು ನಾವು ವಿಂಗಡಿಸಿಕೊಳ್ಳುವುದು ಬಹುಮಟ್ಟಿಗೆ ದೂರದಿಂದಲೇ: ಹೋಗುವ ದಾರಿ, ಬರುವ ದಾರಿ; ಘಟ್ಟದ ಮೇಲಿನದು, ಕೆಳಗಿನದು.

ದೂರ ಸಮನಾದಾಗ ಬರುವ ಈ ಸರಾಸರಿಗೆ ಗಣಿತದಲ್ಲಿ ‘ಹರಾತ್ಮಕ ಮಾಧ್ಯ’ ಎಂಬ ಹೆಸರಿದೆ. ಹೆಸರು ಭಾರವಾದರೂ ಕೆಲಸ ಹಗುರ. ಎರಡು ವೇಗಗಳನ್ನು ಗುಣಿಸಿ, ಅದನ್ನು ಎರಡರಿಂದ ಗುಣಿಸಿ, ಬಂದದ್ದನ್ನು ಆ ವೇಗಗಳ ಮೊತ್ತದಿಂದ ಭಾಗಿಸಿದರಾಯಿತು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳು ಇದನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ. ಆದರೆ ದೂರಗಳು ಸಮನಾಗಿಲ್ಲದಿದ್ದರೆ ಈ ಸೂತ್ರ ಕೈಕೊಡುತ್ತದೆ, ಮೂರು ನಾಲ್ಕು ತುಂಡುಗಳ ಪ್ರಯಾಣಕ್ಕೆ ಇದು ಹೀಗೆಯೇ ಹೊಂದುವುದಿಲ್ಲ. ಆದ್ದರಿಂದ ಸೂತ್ರಕ್ಕಿಂತ ಒಂದು ಅಭ್ಯಾಸವನ್ನು ರೂಢಿಸಿಕೊಳ್ಳುವುದು ಮೇಲು: ‘ಗಂಟೆಗೆ ಎಷ್ಟು ಕಿಲೋಮೀಟರ್’ ಎಂಬುದನ್ನು ತಲೆಕೆಳಗು ಮಾಡಿ ‘ಕಿಲೋಮೀಟರಿಗೆ ಎಷ್ಟು ನಿಮಿಷ’ ಎಂದು ಕೇಳುವುದು.

60 ಎಂದರೆ ಕಿಲೋಮೀಟರಿಗೆ 1 ನಿಮಿಷ. 40 ಎಂದರೆ ಒಂದೂವರೆ ನಿಮಿಷ. 30 ಎಂದರೆ 2 ನಿಮಿಷ, 20 ಎಂದರೆ 3 ನಿಮಿಷ. ಅರವತ್ತನ್ನು ವೇಗದಿಂದ ಭಾಗಿಸಿದರೆ ಈ ಅಂಕಿ ಸಿಗುತ್ತದೆ. ಹೀಗೆ ಬದಲಾಯಿಸಿದ ಕೂಡಲೇ ಲೆಕ್ಕ ಸಲೀಸಾಗುತ್ತದೆ, ಏಕೆಂದರೆ ನಿಮಿಷಗಳನ್ನು ಕೂಡಬಹುದು, ವೇಗಗಳನ್ನು ಹಾಗೆ ಕೂಡಲು ಬರುವುದಿಲ್ಲ. ಮೊದಲಿನ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಹೋಗುವಾಗ ಒಂದೂವರೆ ನಿಮಿಷ, ಬರುವಾಗ ಒಂದು ನಿಮಿಷ, ಸರಾಸರಿ ಕಿಲೋಮೀಟರಿಗೆ ಒಂದೂಕಾಲು ನಿಮಿಷ. ಗಂಟೆಗೆ 48 ಕಿ.ಮೀ. ಅಷ್ಟೇ. ಓಟದ ಅಭ್ಯಾಸ ಮಾಡುವವರು ತಮ್ಮ ಓಟವನ್ನು ಹೀಗೆ ‘ಕಿಲೋಮೀಟರಿಗೆ ಆರು ನಿಮಿಷ’ ಎಂಬ ಲೆಕ್ಕದಲ್ಲೇ ಹೇಳುವುದು. ಮಲೆನಾಡಿನಲ್ಲಿ ದಾರಿ ಕೇಳಿದರೆ ಹಿರಿಯರು ಮೈಲಿಗಿಂತ ಮೊದಲು ‘ಎರಡು ತಾಸಿನ ಹಾದಿ’ ಎಂದು ಹೇಳುವುದರಲ್ಲೂ ಇದೇ ವಿವೇಕವಿದೆ. ನಡೆಯುವವನಿಗೆ ಬೇಕಾದದ್ದು ಆ ಉತ್ತರವೇ.

ಚಲನೆಯ ಲೆಕ್ಕ ನಮ್ಮ ನೆಲಕ್ಕೆ ಹೊಸದೇನಲ್ಲ. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಜೈನ ಗಣಿತಜ್ಞ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದ ತ್ರೈರಾಶಿಕ ಭಾಗದಲ್ಲಿ ‘ಗತಿನಿವೃತ್ತಿ’ ಎಂಬ ಬಗೆಯ ಸಮಸ್ಯೆಗಳನ್ನು ಕೊಟ್ಟಿದ್ದಾನೆ. ದಿನಕ್ಕೆ ಇಷ್ಟು ಮುಂದೆ ಹೋಗಿ, ಮತ್ತೆ ಇಷ್ಟು ಹಿಂದೆ ಸರಿಯುವ ಪ್ರಾಣಿ ಇಂಥ ದೂರವನ್ನು ಎಷ್ಟು ದಿನದಲ್ಲಿ ಮುಟ್ಟುತ್ತದೆ ಎನ್ನುವಂಥವು. ಅಲ್ಲಿಯ ವಿಧಾನ ಗಮನಿಸಬೇಕು. ಮೊದಲು ನಿವ್ವಳವಾಗಿ ಸಾಗಿದ ದೂರ, ಅದಕ್ಕೆ ಹಿಡಿದ ಕಾಲ, ಆಮೇಲೆ ಭಾಗಾಕಾರ. ಎರಡು ವೇಗಗಳನ್ನು ಕೂಡಿ ಅರ್ಧ ಮಾಡುವ ಅವಸರ ಅಲ್ಲಿಲ್ಲ.

ಈಗ ಒಂದು ನಿಜವಾದ ದಾರಿಗೆ ಬರೋಣ. ಹಾಸನದಿಂದ ಮಂಗಳೂರಿಗೆ ಹೋಗುವ ರೈಲುಮಾರ್ಗ ಸುಮಾರು 183 ಕಿ.ಮೀ. ಇದರಲ್ಲಿ ಹಾಸನದಿಂದ ಸಕಲೇಶಪುರದವರೆಗೆ ಸುಮಾರು 42, ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ವರೆಗಿನ ಘಟ್ಟ 55, ಅಲ್ಲಿಂದ ಕೆಳಗೆ ಮಂಗಳೂರಿಗೆ ಸುಮಾರು 86 ಕಿ.ಮೀ. ಘಟ್ಟದ ಈ ತುಂಡಿನಲ್ಲಿ 57 ಸುರಂಗಗಳಿವೆ. ಏರು 50ಕ್ಕೆ 1ರಷ್ಟು, ಅಂದರೆ ಐವತ್ತು ಮೀಟರ್ ಸಾಗುವಷ್ಟರಲ್ಲಿ ಒಂದು ಮೀಟರ್ ಮೇಲಕ್ಕೆ. ರಸ್ತೆಗೆ ಇದು ಏರೇ ಅಲ್ಲ, ಆದರೆ ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವ ರೈಲಿಗೆ ಕಡಿದಾದ ಏರು. ಹತ್ತುವ ರೈಲಿಗೆ ‘ಬ್ಯಾಂಕರ್’ ಎಂದು ಕರೆಯುವ ಹೆಚ್ಚುವರಿ ಎಂಜಿನ್‌ಗಳು ಬೇಕು. ಇಳಿಯುವ ರೈಲು ಬ್ರೇಕಿನ ಹಿಡಿತ ತಪ್ಪದಂತೆ ಇನ್ನಷ್ಟು ಜಾಗರೂಕತೆಯಿಂದ ಸಾಗಬೇಕು. ಆದ್ದರಿಂದ ಇಲ್ಲಿ ವೇಗಮಿತಿ ಗಂಟೆಗೆ 30 ಕಿ.ಮೀ.

ಹಗಲು ರೈಲಿನಲ್ಲಿ ದೋಣಿಗಲ್ ನಿಲ್ದಾಣ ದಾಟಿದ ಮೇಲೆ ಹಳಿ ಪಕ್ಕದ ಕಿಲೋಮೀಟರ್ ಕಂಬಗಳನ್ನು ನೋಡುತ್ತ ಕೈಗಡಿಯಾರ ಹಿಡಿದು ಕೂರಬಹುದು. ಒಂದು ಕಂಬದಿಂದ ಇನ್ನೊಂದಕ್ಕೆ ಎರಡು ನಿಮಿಷ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಸುರಂಗದ ಕತ್ತಲು, ಸೇತುವೆಯ ಬೆಳಕು, ಮತ್ತೆ ಕತ್ತಲು. ಬಂಡೆಯ ಮೇಲಿನ ಜರಿಗಿಡದ ಎಲೆಗಳನ್ನು ಒಂದೊಂದಾಗಿ ನೋಡಬಹುದಾದಷ್ಟು ನಿಧಾನ. ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು, ಈ ಪುಟ್ಟ ನಿಲ್ದಾಣಗಳಲ್ಲಿ ಹತ್ತುವವರು ಇಳಿಯುವವರು ವಿರಳ, ಆದರೆ ಒಂಟಿ ಹಳಿಯಾದ್ದರಿಂದ ಎದುರಿನ ರೈಲಿಗಾಗಿ ಕಾಯುವ ಜಾಗಗಳು ಇವೇ.

ಕಾಯುವುದನ್ನೆಲ್ಲ ಬದಿಗಿಟ್ಟು ಲೆಕ್ಕವನ್ನು ಸರಳ ಮಾಡಿಕೊಳ್ಳೋಣ. ಮೇಲಿನ ಮತ್ತು ಕೆಳಗಿನ ತುಂಡುಗಳಲ್ಲಿ ರೈಲು 60ರಲ್ಲಿ, ಘಟ್ಟದಲ್ಲಿ 30ರಲ್ಲಿ ಎಲ್ಲೂ ನಿಲ್ಲದೆ ಸಾಗಿತು ಎನ್ನೋಣ. ಕಿಲೋಮೀಟರಿಗೆ ಒಂದು ನಿಮಿಷದಂತೆ 42 ನಿಮಿಷ, ಎರಡು ನಿಮಿಷದಂತೆ 110 ನಿಮಿಷ, ಮತ್ತೆ ಒಂದು ನಿಮಿಷದಂತೆ 86 ನಿಮಿಷ. ಒಟ್ಟು 238 ನಿಮಿಷ, ಅಂದರೆ ನಾಲ್ಕು ಗಂಟೆಗೆ ಎರಡು ನಿಮಿಷ ಕಡಿಮೆ. ಸರಾಸರಿ ವೇಗ 46. ಮೂರು ವೇಗಗಳನ್ನು ಕೂಡಿ ಮೂರರಿಂದ ಭಾಗಿಸಿದ್ದರೆ 50 ಬರುತ್ತಿತ್ತು. ಪ್ರತಿ ತುಂಡಿನ ದೂರಕ್ಕೆ ತಕ್ಕ ತೂಕ ಕೊಟ್ಟು ಲೆಕ್ಕ ಹಾಕಿದ್ದೇನೆ ಎಂದು ಸಮಾಧಾನ ಪಟ್ಟುಕೊಂಡವರಿಗೆ 51 ಬರುತ್ತಿತ್ತು, ಅದೂ ತಪ್ಪೇ. ದಾರಿಯ ಶೇ 30ರಷ್ಟಿರುವ ಘಟ್ಟ ಸಮಯದ ಶೇ 46ನ್ನು ತಿನ್ನುತ್ತದೆ.

ಇಲ್ಲಿಂದ ಮುಂದಿನ ಪ್ರಶ್ನೆ ಹೆಚ್ಚು ಮುಖ್ಯ. ಈ ಪ್ರಯಾಣವನ್ನು ಬೇಗ ಮುಗಿಸಬೇಕಾದರೆ ಎಲ್ಲಿ ಕೆಲಸ ಮಾಡಬೇಕು? ಬಯಲಿನ 128 ಕಿ.ಮೀ. ಉದ್ದಕ್ಕೂ ವೇಗವನ್ನು 60ರಿಂದ 70ಕ್ಕೆ ಏರಿಸಿದರೆ ಉಳಿಯುವುದು 18 ನಿಮಿಷ. ಅದೇ ಹತ್ತು ಕಿಲೋಮೀಟರಿನ ಏರಿಕೆಯನ್ನು ಘಟ್ಟದ 55 ಕಿ.ಮೀ.ಯಲ್ಲಿ ಸಾಧಿಸಿ 30ನ್ನು 40 ಮಾಡಿದರೆ ಇಪ್ಪತ್ತೇಳೂವರೆ ನಿಮಿಷ ಉಳಿಯುತ್ತದೆ. ಅರ್ಧಕ್ಕಿಂತ ಕಡಿಮೆ ದೂರ, ಒಂದೂವರೆ ಪಟ್ಟು ಲಾಭ. ಇನ್ನೂ ಮುಂದೆ ಹೋಗಿ, ಬಯಲಿನ ಭಾಗವನ್ನು ರೈಲು ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿತು ಎಂದೇ ಕಲ್ಪಿಸಿಕೊಳ್ಳಿ. ಆಗಲೂ ಘಟ್ಟದ 110 ನಿಮಿಷ ಹಾಗೇ ಇರುತ್ತದೆ, ಸರಾಸರಿ 100 ಕಿ.ಮೀ.ಯನ್ನು ದಾಟುವುದಿಲ್ಲ. ನಿಧಾನದ ತುಂಡು ಸರಾಸರಿಗೆ ಒಂದು ಮೇಲ್ಮಿತಿಯನ್ನೇ ಹಾಕಿಬಿಡುತ್ತದೆ. ಎಂಥ ಹೊಸ ಬೋಗಿ ತಂದರೂ, ಎಂಥ ಎಂಜಿನ್ ಜೋಡಿಸಿದರೂ ಆ ಮಿತಿಯನ್ನು ಮುರಿಯಲಾಗದು.

(ಘಟ್ಟದಲ್ಲಿ ವೇಗ ಹೆಚ್ಚಿಸುವುದು ಸುಲಭ ಎಂದು ಇದರ ಅರ್ಥವಲ್ಲ. 2024ರ ಜುಲೈನಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಕುಸಿದು ದಿನಗಟ್ಟಲೆ ರೈಲು ಸಂಚಾರ ನಿಂತಿತ್ತು. ಆ ಕಾಡು, ಆ ಮಳೆ, ಆ ಇಳಿಜಾರು ನಮ್ಮ ಅವಸರಕ್ಕೆ ಬಗ್ಗುವಂಥವಲ್ಲ. ಅಲ್ಲಿ ನಿಧಾನವೇ ಸುರಕ್ಷತೆ.)

ಈ ಮೇಲ್ಮಿತಿಯ ವಿಚಾರದಲ್ಲಿ ಐನ್‌ಸ್ಟೈನರನ್ನೇ ಒಂದು ಕ್ಷಣ ನಿಲ್ಲಿಸಿದ ಒಗಟೊಂದಿದೆ. ಗೆಸ್ಟಾಲ್ಟ್ ಮನೋವಿಜ್ಞಾನದ ಸ್ಥಾಪಕರಲ್ಲಿ ಒಬ್ಬರಾದ ಮ್ಯಾಕ್ಸ್ ವರ್ಟ್‌ಹೈಮರ್ 1934ರಲ್ಲಿ ತಮ್ಮ ಗೆಳೆಯ ಐನ್‌ಸ್ಟೈನರಿಗೆ ಕಾಗದದಲ್ಲಿ ಕಳಿಸಿದ್ದು. ಒಂದು ಹಳೆಯ ಕಾರು ಗುಡ್ಡ ಹತ್ತಿ ಇಳಿಯಬೇಕು, ಹತ್ತಲು ಒಂದು ಮೈಲಿ, ಇಳಿಯಲು ಒಂದು ಮೈಲಿ. ಹತ್ತುವಾಗ ಅದರ ವೇಗ ಗಂಟೆಗೆ 15 ಮೈಲಿ. ಒಟ್ಟು ಪ್ರಯಾಣದ ಸರಾಸರಿ 30 ಮೈಲಿ ಆಗಬೇಕಾದರೆ ಎಷ್ಟು ವೇಗದಲ್ಲಿ ಇಳಿಯಬೇಕು? ನಾಲಿಗೆಯ ತುದಿಯಲ್ಲಿರುವ ಉತ್ತರ 45. ಆದರೆ ಎರಡು ಮೈಲಿಗೆ ಸರಾಸರಿ 30 ಬರಬೇಕಾದರೆ ಒಟ್ಟು ಪ್ರಯಾಣ 4 ನಿಮಿಷದಲ್ಲಿ ಮುಗಿಯಬೇಕು. 15ರ ವೇಗದಲ್ಲಿ ಒಂದು ಮೈಲಿ ಹತ್ತಲೇ 4 ನಿಮಿಷ ಆಗಿಹೋಯಿತು. ಇಳಿಯಲು ಸಮಯವೇ ಉಳಿದಿಲ್ಲ. ಲೆಕ್ಕ ಹಾಕಿದ ಮೇಲಷ್ಟೇ ಇದು ತಮಗೆ ಹೊಳೆಯಿತೆಂದು ಐನ್‌ಸ್ಟೈನ್ ಮರುಪತ್ರದಲ್ಲಿ ಒಪ್ಪಿಕೊಂಡರು. ಅರ್ಧ ದಾರಿಯನ್ನು ಒಂದು ವೇಗದಲ್ಲಿ ಕಳೆದ ಮೇಲೆ ಉಳಿದರ್ಧದಲ್ಲಿ ಏನೇ ಮಾಡಿದರೂ ಸರಾಸರಿ ಅದರ ಎರಡರಷ್ಟನ್ನು ಮುಟ್ಟಲಾರದು.

ರಸ್ತೆಯ ಮೇಲೆ ಇದೇ ಲೆಕ್ಕ ಜೀವದ ಪ್ರಶ್ನೆಯಾಗುತ್ತದೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಉದ್ದ ಸುಮಾರು 119 ಕಿ.ಮೀ., ಲೆಕ್ಕಕ್ಕೆ 120 ಎಂದಿಟ್ಟುಕೊಳ್ಳೋಣ. ವೇಗಮಿತಿ ಗಂಟೆಗೆ 100 ಕಿ.ಮೀ. ಆ ವೇಗದಲ್ಲಿ 72 ನಿಮಿಷ. ಆದರೆ ಯಾರ ಮನೆಯೂ ಹೆದ್ದಾರಿಯ ಬಾಯಿಯಲ್ಲಿಲ್ಲ. ಮೊದಲು ಬೆಂಗಳೂರನ್ನು ದಾಟಬೇಕು. ಟಾಮ್‌ಟಾಮ್ ಸಂಸ್ಥೆಯ 2022ರ ಸಂಚಾರ ಸೂಚ್ಯಂಕದ ಪ್ರಕಾರ ಬೆಂಗಳೂರಿನ ನಗರಕೇಂದ್ರದಲ್ಲಿ 10 ಕಿ.ಮೀ. ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡ್ ಬೇಕಿತ್ತು. ಗಂಟೆಗೆ ಸುಮಾರು 20 ಕಿ.ಮೀ. ಹಾಗಾದರೆ ನಗರದೊಳಗೆ 20 ಕಿ.ಮೀ. ದಾಟಿ ಬರುವವರಿಗೆ ಹೆದ್ದಾರಿ ಮುಟ್ಟುವ ಮೊದಲೇ ಒಂದು ಗಂಟೆ ಕಳೆದಿರುತ್ತದೆ. ಒಟ್ಟು 140 ಕಿ.ಮೀ., 132 ನಿಮಿಷ, ಸರಾಸರಿ 64ಕ್ಕೂ ಕಡಿಮೆ.

ಕಳೆದುಹೋದ ಆ ಗಂಟೆಯನ್ನು ಹೆದ್ದಾರಿಯಲ್ಲಿ ವಸೂಲು ಮಾಡುವ ಆಸೆ ಚಾಲಕರಿಗೆ ಸಹಜವಾಗಿ ಹುಟ್ಟುತ್ತದೆ. ಮಿತಿ ಮೀರಿ ಮೈಸೂರಿನವರೆಗೂ 120ರಲ್ಲಿ ಓಡಿಸಿದರೆ 60 ನಿಮಿಷ, ಉಳಿತಾಯ 12 ನಿಮಿಷ. ಈಗ ನಗರದ ಕಡೆ ನೋಡಿ. ಆ 20 ಕಿ.ಮೀ.ಯಲ್ಲಿ ವೇಗ 20ರಿಂದ 25ಕ್ಕೆ ಏರಿದರೆ 60 ನಿಮಿಷದ ಜಾಗದಲ್ಲಿ 48 ನಿಮಿಷ. ಅಲ್ಲಿಯೂ ಉಳಿತಾಯ ಸರಿಯಾಗಿ 12 ನಿಮಿಷ! ಹೆದ್ದಾರಿಯಲ್ಲಿ 120 ಕಿ.ಮೀ. ಉದ್ದಕ್ಕೂ ವೇಗವನ್ನು ಇಪ್ಪತ್ತು ಹೆಚ್ಚಿಸಿ ಗಳಿಸಿದ್ದನ್ನು ನಗರದಲ್ಲಿ 20 ಕಿ.ಮೀ.ಯಲ್ಲಿ ಐದು ಹೆಚ್ಚಿಸಿ ಗಳಿಸಬಹುದು. ಕಿಲೋಮೀಟರಿನ ಲೆಕ್ಕದಲ್ಲಿ ಹೇಳುವುದಾದರೆ 20ರಿಂದ 25ಕ್ಕೆ ಏರಿದಾಗ ಪ್ರತಿ ಕಿಲೋಮೀಟರಿಗೆ 36 ಸೆಕೆಂಡ್ ಉಳಿಯುತ್ತದೆ, 100ರಿಂದ 120ಕ್ಕೆ ಏರಿದಾಗ ಉಳಿಯುವುದು 6 ಸೆಕೆಂಡ್.

ಆ ಆರು ಸೆಕೆಂಡಿಗೆ ತೆರುವ ಬೆಲೆ ಏನು? ಚಲಿಸುವ ವಾಹನದ ಶಕ್ತಿ ವೇಗದ ವರ್ಗದಂತೆ ಬೆಳೆಯುತ್ತದೆ. ವೇಗ 100ರಿಂದ 120ಕ್ಕೆ ಹೋದಾಗ ಅದು ಶೇ 44ರಷ್ಟು ಹೆಚ್ಚುತ್ತದೆ. ಬ್ರೇಕ್ ಒತ್ತಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರವೂ ಅದೇ ಪ್ರಮಾಣದಲ್ಲಿ ಬೆಳೆಯುತ್ತದೆ. ಅಪಘಾತವಾದರೆ ಮೈಮೇಲೆ ಬರುವ ಹೊಡೆತವೂ ಅಷ್ಟೇ. ವೇಗ ಏರಿದಂತೆ ಸಮಯದ ಲಾಭ ಕರಗುತ್ತ ಹೋಗುತ್ತದೆ, ಅಪಾಯ ಮಾತ್ರ ವೇಗಕ್ಕಿಂತ ಬೇಗ ಬೆಳೆಯುತ್ತದೆ.

ಇದು ನಮ್ಮ ಚಾಲಕರ ಅಜ್ಞಾನವೆಂದು ಯಾರೂ ಹಗುರವಾಗಿ ನೋಡಬಾರದು. ಸ್ವೀಡನ್ನಿನ ಮನೋವಿಜ್ಞಾನಿ ಓಲಾ ಸ್ವೆನ್ಸನ್ ಈ ಕುರಿತು ದಶಕಗಳ ಕಾಲ ಪ್ರಯೋಗ ನಡೆಸಿದ್ದಾರೆ. ಈಗಾಗಲೇ ಜೋರಾಗಿರುವ ವೇಗವನ್ನು ಇನ್ನಷ್ಟು ಹೆಚ್ಚಿಸಿದಾಗ ಉಳಿಯುವ ಸಮಯವನ್ನು ಜನ ಇರುವುದಕ್ಕಿಂತ ಹೆಚ್ಚೆಂದು ಎಣಿಸುತ್ತಾರೆ. ನಿಧಾನದ ವೇಗವನ್ನು ಸ್ವಲ್ಪ ಹೆಚ್ಚಿಸಿದಾಗ ಆಗುವ ಉಳಿತಾಯವನ್ನು ಕಡಿಮೆಯೆಂದು ಎಣಿಸುತ್ತಾರೆ. ಓದಿದವರಲ್ಲೂ ಈ ಒಲವು ಇದೆ. ಪೆಟ್ರೋಲಿನ ಲೆಕ್ಕದಲ್ಲೂ ಹೀಗೆಯೇ ಆಗುತ್ತದೆ ಎಂದು ಅಮೆರಿಕದ ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸಾಲ್ 2008ರಲ್ಲಿ ತೋರಿಸಿದರು. ಲೀಟರಿಗೆ 10 ಕಿ.ಮೀ. ಕೊಡುವ ಹಳೆಯ ಗಾಡಿಯನ್ನು 12 ಕೊಡುವಂತೆ ಮಾಡಿದರೂ, 20 ಕೊಡುವ ಕಾರನ್ನು ಬಿಟ್ಟು 30 ಕೊಡುವುದನ್ನು ಕೊಂಡರೂ ನೂರು ಕಿಲೋಮೀಟರಿಗೆ ಉಳಿಯುವ ಪೆಟ್ರೋಲು ಒಂದೇ, ಒಂದೂಮುಕ್ಕಾಲು ಲೀಟರಿಗೆ ತುಸು ಕಡಿಮೆ. ಯೂರೋಪಿನ ಹಲವೆಡೆ ಮೈಲೇಜನ್ನು ‘ನೂರು ಕಿಲೋಮೀಟರಿಗೆ ಇಷ್ಟು ಲೀಟರ್’ ಎಂದು ಬರೆಯುವ ರೂಢಿ ಈ ಗೊಂದಲವನ್ನು ತಪ್ಪಿಸುತ್ತದೆ.

ಸರಾಸರಿ ವೇಗವನ್ನು ಕಾನೂನು ಜಾರಿಗೂ ಬಳಸುತ್ತಾರೆ. ಒಂದೇ ಜಾಗದಲ್ಲಿರುವ ಕ್ಯಾಮೆರಾ ಆ ಕ್ಷಣದ ವೇಗವನ್ನು ಮಾತ್ರ ನೋಡುತ್ತದೆ. ಚಾಲಕರು ಅದರ ಮುಂದೆ ಬ್ರೇಕ್ ಒತ್ತಿ, ದಾಟಿದ ಕೂಡಲೇ ಆಕ್ಸಿಲರೇಟರ್ ತುಳಿಯುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಬ್ರಿಟನ್ನಿನಲ್ಲಿ 1999ರಿಂದ ಬಳಕೆಯಲ್ಲಿರುವ ವಿಧಾನ ಬೇರೆ. ಗೊತ್ತಾದ ಅಂತರದಲ್ಲಿ ಎರಡು ಕ್ಯಾಮೆರಾ ಇಟ್ಟು, ನಂಬರ್ ಪ್ಲೇಟ್ ಓದಿ, ನಡುವೆ ಹಿಡಿದ ಸಮಯದಿಂದ ದೂರವನ್ನು ಭಾಗಿಸುತ್ತಾರೆ. ಮಿತಿ 100 ಇರುವ ಕಡೆ 20 ಕಿ.ಮೀ. ದಾಟಲು ಕನಿಷ್ಠ 12 ನಿಮಿಷ ಬೇಕು. ಯಾರಾದರೂ 10 ನಿಮಿಷದಲ್ಲಿ ದಾಟಿದರೆ ಅವರ ಸರಾಸರಿ 120. ಎಲ್ಲಿ ಎಂಬುದು ಗೊತ್ತಿಲ್ಲದಿದ್ದರೂ ಎಲ್ಲೋ ಒಂದು ಕಡೆ ಅವರ ಮುಳ್ಳು 120ನ್ನು ಮುಟ್ಟಿರಲೇಬೇಕು. ಗಣಿತದಲ್ಲಿ ಲಗ್ರಾಂಜ್ ಹೆಸರಿನಲ್ಲಿ ಕಲಿಯುವ ಪ್ರಮೇಯದ ಸಾರ ಇದೇ, ಅದರ ಮುಂದೆ ನೆಪ ನಡೆಯುವುದಿಲ್ಲ.

ಆದರೆ ತಿರುವುಮುರುವು ನಿಜವಲ್ಲ. ಸರಾಸರಿ 90 ಬಂದ ಮಾತ್ರಕ್ಕೆ ಆ ಚಾಲಕ ಎಲ್ಲೂ ಮಿತಿ ಮೀರಿಲ್ಲ ಎಂದು ಹೇಳಲಾಗದು. 140ರಲ್ಲಿ ಓಡಿಸಿ, ನಡುವೆ ದಾರಿಬದಿಯ ಹೋಟೆಲಿನಲ್ಲಿ ಕಾಫಿ ಕುಡಿದು ಬಂದಿರಬಹುದು. ಸರಾಸರಿ ಎಂಬುದು ಒಟ್ಟು ಫಲವನ್ನು ಹೇಳುತ್ತದೆ, ಒಳಗಿನ ಏರಿಳಿತವನ್ನು ಮುಚ್ಚಿಡುತ್ತದೆ. ಹಾಗಾಗಿ ಎರಡೂ ಬಗೆಯ ಕ್ಯಾಮೆರಾಗಳು ಬೇಕು.

ಇನ್ನೊಂದು ಸೂಕ್ಷ್ಮವೂ ಇದೆ. ರಸ್ತೆಯ ಒಂದು ಬಿಂದುವಿನಲ್ಲಿ ನಿಂತು ಹಾದುಹೋಗುವ ವಾಹನಗಳ ವೇಗವನ್ನು ಅಳೆದು ಸರಾಸರಿ ತೆಗೆದರೆ ಸಿಗುವ ಅಂಕಿ, ಪ್ರಯಾಣಿಕರು ಅನುಭವಿಸುವ ಸರಾಸರಿಗಿಂತ ಹೆಚ್ಚಾಗಿರುತ್ತದೆ. ಅರ್ಧ ವಾಹನಗಳು 40ರಲ್ಲಿ, ಅರ್ಧ 60ರಲ್ಲಿ ಹಾದುಹೋದರೆ ಅಳೆಯುವವನು 50 ಎಂದು ಬರೆದುಕೊಳ್ಳುತ್ತಾನೆ. ಆ ರಸ್ತೆಯನ್ನು ದಾಟಲು ಅವರಿಗೆ ಹಿಡಿದ ಸಮಯದಿಂದ ಲೆಕ್ಕ ಹಾಕಿದರೆ ಮತ್ತೆ ಅದೇ 48. ಬ್ರಿಟನ್ನಿನ ಸಂಚಾರ ತಜ್ಞ ವಾರ್ಡ್‌ರಾಪ್ 1952ರಲ್ಲಿ ಈ ಎರಡು ಸರಾಸರಿಗಳ ಸಂಬಂಧವನ್ನು ಸೂತ್ರವಾಗಿ ಬರೆದಿಟ್ಟರು. ‘ಇಂಥ ರಸ್ತೆಯಲ್ಲಿ ಸರಾಸರಿ ವೇಗ ಇಷ್ಟು’ ಎಂಬ ಹೇಳಿಕೆ ಬಂದಾಗ ಹೇಗೆ ಅಳೆದದ್ದು ಎಂದು ಕೇಳುವುದು ಉಡಾಫೆಯಲ್ಲ, ಅಗತ್ಯ.

ನನ್ನ ಅಭಿಪ್ರಾಯವನ್ನು ಇಲ್ಲಿ ಹೇಳಿಬಿಡುತ್ತೇನೆ. ನಮ್ಮಲ್ಲಿ ಸಾರಿಗೆ ಯೋಜನೆಗಳನ್ನು ಜನರ ಮುಂದೆ ಇಡುವುದು ಗರಿಷ್ಠ ವೇಗದ ಅಂಕಿಯೊಂದಿಗೆ. ಈ ರೈಲು 160ರಲ್ಲಿ ಓಡಬಲ್ಲದು, ಈ ರಸ್ತೆಯನ್ನು 120ಕ್ಕೆ ವಿನ್ಯಾಸ ಮಾಡಲಾಗಿದೆ ಎನ್ನುತ್ತಾರೆ. ಪ್ರಯಾಣಿಕನ ಬದುಕಿನಲ್ಲಿ ಆ ಅಂಕಿಗೆ ಇರುವ ಪಾತ್ರ ಚಿಕ್ಕದು. ಅವನ ಸಮಯವನ್ನು ತಿನ್ನುವುದು ರೈಲ್ವೆ ಗೇಟು, ನಗರದಿಂದ ಹೊರಬೀಳುವ ಜಂಕ್ಷನ್, ಪ್ಲಾಟ್‌ಫಾರ್ಮ್ ಖಾಲಿಯಿಲ್ಲದೆ ಹೊರಸಿಗ್ನಲ್‌ನಲ್ಲಿ ನಿಂತ ರೈಲು, ಬಸ್ ನಿಲ್ದಾಣದಿಂದ ಮನೆಗೆ ಸಿಗದ ಆಟೋ. ಇವನ್ನು ಸರಿಪಡಿಸುವುದಕ್ಕೆ ರಿಬ್ಬನ್ ಕತ್ತರಿಸುವ ಸಮಾರಂಭ ನಡೆಯುವುದಿಲ್ಲ, ಆದರೆ ನಿಮಿಷಗಳು ಉಳಿಯುವುದು ಅಲ್ಲಿಯೇ. ನೂರು ಕಿಲೋಮೀಟರ್ ಚೆನ್ನಾಗಿರುವ ರಸ್ತೆಯನ್ನು ಇನ್ನಷ್ಟು ಚೆನ್ನಾಗಿ ಮಾಡುವ ಮೊದಲು ಹತ್ತು ಕಿಲೋಮೀಟರ್ ಕೆಟ್ಟಿರುವ ಜಾಗ ಯಾವುದೆಂದು ನೋಡುವುದು ಸಾರ್ವಜನಿಕ ಹಣದ ಸದುಪಯೋಗ ಎಂದು ನಾನು ದೃಢವಾಗಿ ನಂಬುತ್ತೇನೆ.

ಶಿಕ್ಷಕರಲ್ಲಿ ಒಂದು ಕೋರಿಕೆ. ಸರಾಸರಿ ವೇಗದ ಪಾಠಕ್ಕೆ ಹೆಸರಿಲ್ಲದ ಊರುಗಳ ನಡುವಿನ ಹೆಸರಿಲ್ಲದ ರೈಲನ್ನು ಬಿಟ್ಟು, ತಮ್ಮೂರಿನ ಮೂಲಕ ಹಾದುಹೋಗುವ ರೈಲಿನ ವೇಳಾಪಟ್ಟಿಯನ್ನೇ ಮಕ್ಕಳ ಕೈಗೆ ಕೊಡಿ. ಅದರಲ್ಲಿ ದೂರವೂ ಇದೆ, ಸಮಯವೂ ಇದೆ. ಯಾವ ಎರಡು ನಿಲ್ದಾಣಗಳ ನಡುವೆ ರೈಲು ಅತಿ ನಿಧಾನ, ಏಕೆ ಎಂದು ಮಕ್ಕಳೇ ಹುಡುಕಲಿ. ಗಣಿತದ ಜೊತೆಗೆ ತಮ್ಮ ಜಿಲ್ಲೆಯ ಭೂಗೋಳವೂ ಅವರಿಗೆ ಅರ್ಥವಾಗುತ್ತದೆ.

ಮೈಸೂರು ದಾರಿಯ ಚಾಲಕರಿಗೂ ಒಂದು ಮಾತು: ಹನ್ನೆರಡು ನಿಮಿಷ ಮೊದಲು ಮನೆ ಬಿಡಿ, 100ರ ಮಿತಿಯನ್ನು ಮೀರಬೇಡಿ. ಇನ್ನು ಸರ್ಕಾರ ಮಾಡಬೇಕಾದದ್ದು: ಹೊಸ ರಸ್ತೆ ಅಥವಾ ರೈಲು ಯೋಜನೆಯ ಪ್ರತಿ ವರದಿಯಲ್ಲೂ ಗರಿಷ್ಠ ವೇಗದ ಪಕ್ಕದಲ್ಲಿ ಎರಡು ಅಂಕಿಗಳು ಕಡ್ಡಾಯವಾಗಿ ಇರಬೇಕು. ಊರಿನೊಳಗಿನಿಂದ ಊರಿನೊಳಗೆ ಒಟ್ಟು ಎಷ್ಟು ನಿಮಿಷ ಎಂಬುದು ಒಂದು, ಆ ದಾರಿಯ ಅತಿ ನಿಧಾನದ ಹತ್ತು ಕಿಲೋಮೀಟರ್ ಎಲ್ಲಿದೆ ಎಂಬುದು ಇನ್ನೊಂದು. ಇವೆರಡನ್ನು ಕೇಳುವ ಹಕ್ಕು ನಮ್ಮ ಶಾಸಕರಿಗೂ ಸಂಸದರಿಗೂ ಇದೆ. ಅವರು ಕೇಳುವಂತೆ ಮಾಡುವುದು ಮತದಾರರ ಕೆಲಸ.